ಬೇಡದ್ದನ್ನು ಹೊಡೆದುಹಾಕಿ

ತಿಂಗಳ ಮೊದಲ ಶುಕ್ರವಾರ, ಜುಮಾ ಮುಗಿದು,
ಬಿಳಿ ಟೊಪ್ಪಿ ಮಡಚಿ ಜೇಬಿಗಿಟ್ಟು
ಬರುತ್ತಾನೆ ಇದಿನಬ್ಬ
ಬೆಂಗ್ರೆಯ ನಮ್ಮ ಕ್ಲಬ್ಬಿನ ಹೊಸ್ತಿಲವರೆಗೆ.
ಒಳಗೆ ಬರುವುದಿಲ್ಲ.
ನಿಂತಲ್ಲಿಂದಲೇ ಕೈ ಚಾಚಿ ಮೇಜಿನ ಮೇಲೆ
ಇಪ್ಪತ್ತು ರೂಪಾಯಿ ಇಡುತ್ತಾನೆ,
ದಕ್ಕೆಯ ವಾಸನೆಯ ನೋಟು.
"ರಶೀದಿ."
ಅಷ್ಟೇ ಮಾತು. ಎರಡು ವರ್ಷದಿಂದ ಅಷ್ಟೇ.

ನಾನು ಈಗ ಕಾರ್ಯದರ್ಶಿ.
ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ
ಎರಡು ಕಂಬದ ನಡುವೆ ನಿಂತವ.
ಊರೆಲ್ಲ ಅವನ ಎಡಗಾಲು ನೋಡಿತು,
ನಾನು ನೋಡಿದ್ದು ಬೆನ್ನು:
ಎಂಟು ನಂಬರಿನ ಎರಡು ಸೊನ್ನೆ
ಬೆವರಿಗೆ ಅಂಟಿ, ಗಾಳಿಗೆ ಬಿಟ್ಟು, ಮತ್ತೆ ಅಂಟಿ.

ನನ್ನ ಬಲಗೈ ಕಿರುಬೆರಳು ಸೊಟ್ಟ.
ಪ್ರಾಕ್ಟೀಸಿನಲ್ಲಿ ಅವನು ಹೊಡೆದದ್ದು.
ಆ ರಾತ್ರಿ ಫೆರಿ ನಿಂತಿತ್ತು. ಯಾರದೋ ದೋಣಿಗೆ
ತಾನೇ ಹುಟ್ಟು ಹಾಕಿ ಬಂದರಿಗೆ ದಾಟಿಸಿ
ವೆನ್ಲಾಕಿನ ಬೆಂಚಿನಲ್ಲಿ ಬೆಳಗಿನವರೆಗೆ ಕೂತ.
"ಹಿಡಿದೆಯಲ್ಲ ಶೀನ, ಬಿಡಲಿಲ್ಲವಲ್ಲ ಮಾರಾಯ" ಅಂದ.
ಕ್ಷಮೆ ಕೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ನೆಹರೂ ಮೈದಾನದಲ್ಲಿ ಅವನಿಗೆ ಚೆಂಡು ಸಿಕ್ಕಿತೆಂದರೆ
"ಹೊಡಿ!"
ದಕ್ಕೆಯ ಹಮಾಲರು, ಬಲೆ ಹೆಣೆಯುವವರು,
ಬಸ್ಸು ಬಿಟ್ಟು ಬಂದ ಕಂಡಕ್ಟರನ ಸೀಟಿ,
"ಹೊಡಿಯಾ ಇದಿನಬ್ಬ!"
ಕೂಡಲೇ ಹೊಡೆಯುತ್ತಿರಲಿಲ್ಲ ಅವನು.
ಒಂದು ಗಳಿಗೆ ಕಾಯುತ್ತಿದ್ದ,
ಎದುರಿನ ಗೋಲಿ ಮೊದಲು ಮನಸ್ಸಿನಲ್ಲಿ ಬೀಳಲಿ ಅಂತ.

ಆ ಒಂದು ಗಳಿಗೆ ಯಾವಾಗ ಎರಡಾಯಿತೋ
ಅವನಿಗೆ ಗೊತ್ತಾಗಲಿಲ್ಲ.
ಹಿಂದೆ ನಿಂತವನಿಗೆ ಗೊತ್ತಾಗುತ್ತದೆ.

ಹುಡುಗರು ಪಾಸು ಕೊಡುವುದು ಬಿಟ್ಟರು.
ಅವನು ಬೈದ. ಅವರು ನಕ್ಕರು.
ಹೊಸ ಕೋಚು ಕಾಗದದ ಮೇಲೆ ಬಾಣ ಬಿಡಿಸುವವ,
ಯಾವ ಬಾಣವೂ ಇದಿನಬ್ಬನ ಕಡೆ ಹೋಗುತ್ತಿರಲಿಲ್ಲ.
ಬೂಟಿನ ಲೇಸು ಬಿಗಿದು ಇಡೀ ಲೀಗು ಬೆಂಚಿನಲ್ಲಿ ಕೂತ,
ತೊಂಬತ್ತು ನಿಮಿಷ, ಬಿಚ್ಚದೆ.
ಮೀಟಿಂಗಿನಲ್ಲಿ ಕೈ ಎತ್ತಲು ಹೇಳಿದಾಗ
ನಾನೂ ಎತ್ತಿದೆ.
ಈ ಕೈಯನ್ನೇ.

ಪಟ್ಟಿ ಅವನು ನೋಡಿದ್ದು ಐಸ್ ಪ್ಲಾಂಟಿನ ಗೋಡೆಯಲ್ಲಿ.
ಮೇಲಿಂದ ಕೆಳಗೆ ಓದಿದನಂತೆ,
ಮತ್ತೆ ಕೆಳಗಿಂದ ಮೇಲೆ.
ಆಮೇಲೆ ಐಸು ಹೊತ್ತನಂತೆ, ದಿನದ ಹಾಗೆಯೇ.

ಸನ್ಮಾನ ಇಟ್ಟೆವು. ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ.
ಬರಲಿಲ್ಲ.
ಅಧ್ಯಕ್ಷರು ಖಾಲಿ ಕುರ್ಚಿಗೇ ಶಾಲು ಹೊದೆಸಿದರು,
ಫೋಟೋದಲ್ಲಿ ಕುರ್ಚಿ ಚಂದ ಬಂದಿದೆ.
ಬುಟ್ಟಿಯ ಅನಾನಸು ಕ್ಲಬ್ಬಿನಲ್ಲೇ ಕೊಳೆಯಿತು.
ಗಡಿಯಾರ ಕಪಾಟಿನಲ್ಲುಂಟು, ಸೆಲ್ಲು ಹಾಕಿಲ್ಲ ಯಾರೂ.
ನಿವೃತ್ತಿ ಅಂತ ಪೇಪರಿನವರು ಬರೆದರು.
ಫೆರಿಯಲ್ಲಿ ಯಾರಲ್ಲೋ ಅವನು ಹೇಳಿದ್ದು ಬೇರೆ:
"ನಾನು ಇಳಿದದ್ದಲ್ಲ, ದೋಣಿ ತಪ್ಪಿದ್ದೂ ಅಲ್ಲ.
ನಾನು ಓಡಿ ಬರುವುದು ನೋಡಿಯೇ ಹಗ್ಗ ಬಿಚ್ಚಿದರು."

ರಶೀದಿ ಪುಸ್ತಕ ಹಳೆಯ ಕಾಲದ್ದು.
ಹೆಸರು, ಮೊಬಲಗು, ಅದರ ಕೆಳಗೆ
ಆಟಗಾರ / ಸದಸ್ಯ.
ಸಣ್ಣ ಅಕ್ಷರದಲ್ಲಿ: ಬೇಡದ್ದನ್ನು ಹೊಡೆದುಹಾಕಿ.
ಇಪ್ಪತ್ತಮೂರು ರಶೀದಿ ಬರೆದಿದ್ದೇನೆ ಅವನಿಗೆ,
ಒಂದರಲ್ಲೂ ಗೆರೆ ಎಳೆದಿಲ್ಲ.
ಅವನೂ ನೋಡದೆ ಮಡಚಿ ಟೊಪ್ಪಿಯ ಜೊತೆ ಇಡುತ್ತಿದ್ದ.

ಇವತ್ತು ಕನ್ನಡಕ ತೆಗೆದ.
ಅವನಿಗೆ ಕನ್ನಡಕ ಬಂದದ್ದು ನನಗೆ ಗೊತ್ತಿರಲಿಲ್ಲ.
ಓದಿದ. ಕಾಗದ ತಿರುಗಿಸಿ ನನ್ನ ಕಡೆ ದೂಡಿದ.
"ಹೊಡಿ" ಅಂದ.

ಪೆನ್ನು ಹಿಡಿದೆ. ಸೊಟ್ಟ ಬೆರಳು ಕಾಗದಕ್ಕೆ ತಾಗಿತು.
ಕಾದೆ, ಒಂದು ಗಳಿಗೆ,
ಎರಡು.
ಹೊರಗೆ ಹೊಯ್ಗೆಯಲ್ಲಿ ಆಡುವ ಮಕ್ಕಳ ಚೆಂಡು
ಉರುಳಿ ಬಂದು ಮೆಟ್ಟಿಲಿಗೆ ತಾಗಿ ನಿಂತಿತು.
ಅವನು ತಿರುಗಿ ನೋಡಲಿಲ್ಲ,
ನನ್ನ ಪೆನ್ನನ್ನೇ ನೋಡುತ್ತಿದ್ದ.
ಎಡಗಾಲು ಮಾತ್ರ
ಚಪ್ಪಲಿಯಿಂದ ಅರ್ಧ ಹೊರಗೆ ಬಂದಿತ್ತು.